ಇಪ್ಪತ್ತು ಮೈಕ್ರಾನ್ ಬೆಳ್ಳಿ

ದೊಡ್ಡಮ್ಮನ ಗಾಜಿನ ಬೀರುವಿನಲ್ಲಿ ಐವತ್ತು ವರ್ಷ ಕೂತಿದ್ದ ಟೀ ಪಾಟ್ ಈಗ ನನ್ನ ಮೇಜಿನ ಮೇಲಿದೆ. ದೊಡ್ಡಪ್ಪ ಕೊಡಗಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ತೋಟದ ದೊರೆ ಇಂಗ್ಲೆಂಡಿಗೆ ಹೊರಟು ನಿಂತಾಗ ಬಂಗಲೆಯ ಸಾಮಾನನ್ನೆಲ್ಲ ಹರಾಜು ಹಾಕಿದರಂತೆ. ಮಂಚ, ಕುರ್ಚಿಗಳು ಅವರಿವರ ಪಾಲಾದವು, ಈ ಪಾಟ್ ಮತ್ತು ನಾಲ್ಕು ಚಮಚ ದೊಡ್ಡಪ್ಪನ ಕೈಗೆ ಬಂದವು. ಅದರಲ್ಲಿ ಟೀ ಮಾಡಿದ್ದನ್ನು ನಾನು ನೋಡಿಲ್ಲ. ಆ ಮನೆಯಲ್ಲಿ ಕುಡಿಯುತ್ತಿದ್ದುದು ಕಾಫಿ, ಅದೂ ಲೋಟದಲ್ಲಿ. ಆದರೆ ವರ್ಷಕ್ಕೆರಡು ಸಲ, ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲು ಒಮ್ಮೆ, ನವರಾತ್ರಿಗೆ ಮೊದಲು ಒಮ್ಮೆ, ದೀಪದ ಕಂಬ, ಕುಂಕುಮದ ಬಟ್ಟಲುಗಳ ಜೊತೆ ಪಾಟೂ ಹಿತ್ತಿಲ ಜಗಲಿಗೆ ಇಳಿಯುತ್ತಿತ್ತು. ವಿಭೂತಿ ಹಚ್ಚಿ, ಹಳೇ ಪಂಚೆಯ ತುಂಡು ಹಿಡಿದು ದೊಡ್ಡಮ್ಮ ಉಜ್ಜಿದ್ದೇ ಉಜ್ಜಿದ್ದು.

ದೊಡ್ಡಮ್ಮ ತೀರಿಕೊಂಡ ಮೇಲೆ ಅಕ್ಕ ಅದನ್ನು ನನಗೆ ಕೊಟ್ಟಳು. "ಬೆಳ್ಳೀದು, ಜೋಪಾನ" ಅಂತ ಹೇಳಿಯೇ ಕೊಟ್ಟಳು. ಮುಚ್ಚಳದ ಕೀಲು ಸಡಿಲಾಗಿತ್ತು, ಸರಿಮಾಡಿಸೋಣ ಅಂತ ಪೇಟೆಯ ಬೆಳ್ಳಿ ಅಂಗಡಿಗೆ ಒಯ್ದೆ. ಯಜಮಾನರು ಪಾಟನ್ನು ಬೋರಲು ಹಾಕಿ, ಕನ್ನಡಕ ಹಣೆಗೇರಿಸಿ, ತಳ ನೋಡಿದರು. ಒರೆಗಲ್ಲು ತೆಗೆಯುವ ಗೋಜಿಗೂ ಹೋಗಲಿಲ್ಲ. "ಬೆಳ್ಳಿ ಅಲ್ಲ ಸಾರ್ ಇದು. ಜರ್ಮನ್ ಸಿಲ್ವರ್ ಮೇಲೆ ಬೆಳ್ಳಿ ಪಾಲಿಶ್. ತೂಕಕ್ಕೆ ಹಾಕಿದರೆ ಏನೂ ಹುಟ್ಟಲ್ಲ" ಅಂದರು. ಆಮೇಲೆ ಪಾಟಿನ ಹೊಟ್ಟೆಯ ಮೇಲೆ ಅಂಗೈಯಗಲ ಇದ್ದ ಮಂಕು ಹಳದಿ ಕಲೆಯನ್ನು ಬೆರಳಿನಿಂದ ಸವರಿ, "ಇಲ್ಲಿ ಪೂರ್ತಿ ಸವೆದಿದೆ. ಬೇಕಾದರೆ ಹೊಸ ಕೋಟಿಂಗ್ ಹಾಕಿಸಿಕೊಡ್ತೀನಿ, ಕನ್ನಡಿ ಥರ ಆಗುತ್ತೆ" ಎಂದರು.

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಕೂಡಲೇ ಒಪ್ಪಿಕೊಳ್ಳಲು ಮನಸ್ಸಾಗದೆ ಪಾಟನ್ನು ಚೀಲಕ್ಕೆ ಹಾಕಿಕೊಂಡು ವಾಪಸ್ ಬಂದೆ. ಹಳೆಯ ಪಾತ್ರೆಯ ಕಂಡೀಷನ್ ಎಂದರೆ ಹೊಳಪು ಎಂದೇ ನಾವು ಲೆಕ್ಕ ಹಾಕುತ್ತೇವೆ. ಬೆಳ್ಳಿ ಲೇಪದ ಪಾತ್ರೆಗಳ ಬಗ್ಗೆ ಓದುತ್ತ, ನೋಡುತ್ತ, ತಿಳಿದವರನ್ನು ಕೇಳುತ್ತ ಹೋದಂತೆ ಈ ಲೆಕ್ಕವೇ ತಪ್ಪು ಅನ್ನಿಸತೊಡಗಿತು.

ಮೊದಲು ಅಂಗಡಿಯವರು ಓದಿದ ಆ ತಳವನ್ನೇ ನೋಡೋಣ. ನಾಲ್ಕು ಪುಟ್ಟ ಗುರಾಣಿಗಳೊಳಗೆ ಒಂದೊಂದು ಅಕ್ಷರ: ಇ, ಪಿ, ಎನ್, ಎಸ್. ಪಕ್ಕದಲ್ಲಿ ಎ1. ಅದರ ಕೆಳಗೆ ಮಾದರಿಯ ಸಂಖ್ಯೆ, ಮತ್ತೆ 'ಮೇಡ್ ಇನ್ ಇಂಗ್ಲೆಂಡ್' ಎಂಬ ಸಾಲು. ಅಪ್ಪಟ ಇಂಗ್ಲಿಷ್ ಬೆಳ್ಳಿಯಾಗಿದ್ದರೆ ಅಲ್ಲಿ ನಡೆಯುತ್ತಿರುವ ಸಿಂಹದ ಮುದ್ರೆ ಇರಬೇಕಿತ್ತು. ಸಾವಿರಕ್ಕೆ 925 ಪಾಲು ಬೆಳ್ಳಿ ಇದೆ ಎಂದು ಅಧಿಕೃತ ಪರೀಕ್ಷೆಯಲ್ಲಿ ಪಾಸಾದ ಗುರುತು ಅದು. ಜೊತೆಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆ ಆಗಿದ್ದರೆ ಲಂಗರು, ಶೆಫೀಲ್ಡ್‌ನಲ್ಲಿ ಆಗಿದ್ದರೆ, 1974ರವರೆಗೆ, ಕಿರೀಟ. ನಮ್ಮ ಪಾಟಿನ ಗುರಾಣಿಗಳು ಇವ್ಯಾವೂ ಅಲ್ಲ, ಆದರೆ ದೂರದಿಂದ ನೋಡಿದರೆ ಹಾಗೇ ಕಾಣುವಂತೆ ಒತ್ತಿದವು. ದೊಡ್ಡಮ್ಮ ಅದನ್ನು ಬೆಳ್ಳಿ ಎಂದು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆ ನಂಬಲಿ ಎಂದೇ ಆ ಅಕ್ಷರಗಳನ್ನು ಬಿಡಿಬಿಡಿಯಾಗಿ, ಗುರಾಣಿ ಹಾಕಿ ಒತ್ತುತ್ತಿದ್ದರು. ಇ.ಪಿ.ಎನ್.ಎಸ್. ಎಂದರೆ ವಿದ್ಯುತ್ ಹಾಯಿಸಿ ಬೆಳ್ಳಿ ಲೇಪಿಸಿದ ನಿಕಲ್ ಸಿಲ್ವರ್. ಎ1 ಎಂಬುದು ಲೇಪ ದಪ್ಪವಾಗಿದೆ ಎಂದು ತಯಾರಕರು ತಾವೇ ಕೊಟ್ಟುಕೊಂಡ ದರ್ಜೆ.

ನಿಕಲ್ ಸಿಲ್ವರ್ ಎಂಬ ಹೆಸರು ಇನ್ನೊಂದು ಗೊಂದಲ. ಅದರಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ಸುಮಾರು ಆರು ಪಾಲು ತಾಮ್ರ, ಎರಡು ಪಾಲು ನಿಕಲ್, ಎರಡು ಪಾಲು ಸತು. ಚೀನಾದಿಂದ ಪಾಕ್‌ಟಾಂಗ್ ಎಂಬ ಹೆಸರಿನಲ್ಲಿ ಯುರೋಪಿಗೆ ಬರುತ್ತಿದ್ದ ಬಿಳಿ ಲೋಹವನ್ನು 1823ರ ಸುಮಾರಿಗೆ ಜರ್ಮನಿಯವರು ತಾವೇ ಮಾಡಲು ಕಲಿತರು. ಅಲ್ಲಿಂದ ಅದಕ್ಕೆ ಜರ್ಮನ್ ಸಿಲ್ವರ್ ಎಂಬ ಹೆಸರು ಅಂಟಿಕೊಂಡಿತು. ಆ ಹೆಸರು ಇಂಗ್ಲೆಂಡಿಗಿಂತ ನಮ್ಮ ಪೇಟೆಗಳಲ್ಲೇ ಹೆಚ್ಚು ಗಟ್ಟಿಯಾಗಿ ಉಳಿದಿದೆ. ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಜರ್ಮನ್ ಸಿಲ್ವರಿನ ಕಳಶ, ತಟ್ಟೆ, ಅರಿಶಿನ ಕುಂಕುಮದ ಬಟ್ಟಲುಗಳ ರಾಶಿ ಅಂಗಡಿಗಳ ಮುಂದೆ ಬೀಳುತ್ತದೆ. ಈಗ ಆ ಹೆಸರಿನಲ್ಲಿ ಮಾರುವ ಎಲ್ಲದರೊಳಗೂ ಅದೇ ಮಿಶ್ರಲೋಹ ಇರುತ್ತದೆ ಎನ್ನಲಾಗದು, ಅದು ಬೇರೆ ಮಾತು.

ಕೀಳು ಲೋಹಕ್ಕೆ ಬೆಳ್ಳಿ ಹೊದಿಸುವ ಆಸೆ ಹಳೆಯದು. ಶೆಫೀಲ್ಡ್‌ನಲ್ಲಿ ಥಾಮಸ್ ಬೋಲ್ಸೋವರ್ ಎಂಬ ಚಾಕು ಮಾಡುವವನಿದ್ದ. 1743ರ ಸುಮಾರಿಗೆ ಚಾಕುವಿನ ಹಿಡಿಯೊಂದನ್ನು ರಿಪೇರಿ ಮಾಡುವಾಗ ಕಾವು ಹೆಚ್ಚಾಗಿ, ಬೆಳ್ಳಿಯೂ ತಾಮ್ರವೂ ಒಂದಕ್ಕೊಂದು ಬೆಸೆದುಕೊಂಡವು ಎಂದು ಕಥೆ. ಬೆಸೆದ ಗಟ್ಟಿಯನ್ನು ರೋಲರಿನಲ್ಲಿ ತಟ್ಟೆ ಮಾಡಿದರೆ ಎರಡೂ ಒಟ್ಟಿಗೇ ತೆಳುವಾಗುತ್ತಿದ್ದವು, ಬೇರೆಯಾಗುತ್ತಿರಲಿಲ್ಲ. ಶೆಫೀಲ್ಡ್ ಪ್ಲೇಟ್ ಎಂದು ಹೆಸರಾದದ್ದು ಇದೇ. ಸುಮಾರು ನೂರು ವರ್ಷ ಇದೇ ನಡೆಯಿತು. ಇದರಲ್ಲಿ ಮೊದಲು ಹಾಳೆ, ಆಮೇಲೆ ಪಾತ್ರೆ. ಹಾಗಾಗಿ ಕತ್ತರಿಸಿದ ಅಂಚಿನಲ್ಲೆಲ್ಲ ತಾಮ್ರದ ಕೆಂಪು ಗೆರೆ ಇಣುಕುತ್ತಿತ್ತು. ಅದನ್ನು ಮುಚ್ಚಲು ಬೆಳ್ಳಿಯ ತಂತಿ ಕೂರಿಸುತ್ತಿದ್ದರು.

1840ರಲ್ಲಿ ಈ ಕ್ರಮವೇ ತಲೆಕೆಳಗಾಯಿತು. ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಬಂಧುಗಳಾದ ಜಾರ್ಜ್ ಮತ್ತು ಹೆನ್ರಿ ವಿದ್ಯುತ್ ಲೇಪನಕ್ಕೆ ಪೇಟೆಂಟ್ ಪಡೆದರು. ಮೊದಲು ಪಾತ್ರೆ ಪೂರ್ತಿ ಮಾಡಿ ಮುಗಿಸುವುದು, ಕೊನೆಗೆ ಬೆಳ್ಳಿ. ವಿದ್ಯುತ್ತಿನಿಂದ ಲೋಹ ಲೇಪಿಸಬಹುದೆಂದು ಇಟಲಿಯ ಬ್ರುನ್ಯಾಟೆಲ್ಲಿ 1805ರಲ್ಲೇ ತೋರಿಸಿದ್ದ. ಆದರೆ ಬೆಳ್ಳಿಯ ಲೇಪ ಗಟ್ಟಿಯಾಗಿ ಕೂರುತ್ತಿರಲಿಲ್ಲ. ಬೆಳ್ಳಿಯ ಲವಣದ ಸಾದಾ ದ್ರಾವಣದಲ್ಲಿ ತಾಮ್ರ ಅದ್ದಿದರೆ ಬೆಳ್ಳಿ ಅವಸರದಲ್ಲಿ ಬಂದು ಸಡಿಲ ಪುಡಿಯಾಗಿ ಮೆತ್ತಿಕೊಳ್ಳುತ್ತದೆ, ಒರೆಸಿದರೆ ಉದುರುತ್ತದೆ. ಬರ್ಮಿಂಗ್‌ಹ್ಯಾಮ್‌ನ ಜಾನ್ ರೈಟ್ ಎಂಬ ವೈದ್ಯ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆಯ ಬರಹಗಳನ್ನು ಓದಿ, ಪೊಟ್ಯಾಸಿಯಮ್ ಸಯನೈಡ್ ದ್ರಾವಣದಲ್ಲಿ ಬೆಳ್ಳಿಯನ್ನು ಕರಗಿಸಿ ನೋಡಿದ. ಸಯನೈಡ್ ಬೆಳ್ಳಿಯ ಕಣಗಳನ್ನು ಬಿಗಿಯಾಗಿ ಹಿಡಿದಿಟ್ಟು, ವಿದ್ಯುತ್ ಹರಿದಷ್ಟೇ, ಇಷ್ಟಿಷ್ಟೇ ಬಿಟ್ಟುಕೊಡುತ್ತದೆ. ಲೇಪ ನುಣುಪಾಗಿ, ಒತ್ತಾಗಿ ಬಂತು. ಎಲ್ಕಿಂಗ್ಟನ್‌ಗಳು ಅವನ ವಿಧಾನವನ್ನು ತಮ್ಮ ಪೇಟೆಂಟಿನೊಳಕ್ಕೆ ತೆಗೆದುಕೊಂಡರು. ಎರಡೇ ವರ್ಷದಲ್ಲಿ ಪ್ಯಾರಿಸ್ಸಿನ ಕ್ರಿಸ್ಟೋಫ್ಲ್ ಫ್ರಾನ್ಸಿಗಾಗಿ ಅದರ ಹಕ್ಕು ಕೊಂಡ. ಶೆಫೀಲ್ಡ್ ಪ್ಲೇಟಿನ ಕಾಲ ಬಹುಬೇಗ ಮುಗಿದುಹೋಯಿತು. ಟೆನಿಸ್ ನೋಡುವವರಿಗೆ ಎಲ್ಕಿಂಗ್ಟನ್ ಕೈಕೆಲಸ ಪರಿಚಯವೇ: ವಿಂಬಲ್ಡನ್ ಗೆದ್ದ ಮಹಿಳೆ ಎತ್ತಿ ಹಿಡಿಯುವ ತಟ್ಟೆ 1864ರಲ್ಲಿ ಅವರೇ ಮಾಡಿದ್ದು. ಅದು ಮಾತ್ರ ಅಪ್ಪಟ ಬೆಳ್ಳಿ, ಅಲ್ಲಲ್ಲಿ ಚಿನ್ನದ ಮುಲಾಮು.

ಲೇಪದ ಬೆಳ್ಳಿಯನ್ನು ಬಡವರ ಬೆಳ್ಳಿ ಎಂದು ಹಗುರ ಮಾಡುವವರ ಜೊತೆ ನಾನಿಲ್ಲ. ಗುಮಾಸ್ತರ, ಮೇಷ್ಟರ, ಸಣ್ಣ ಅಂಗಡಿಯವರ ಮನೆಯ ಮೇಜಿಗೂ ಒಂದು ಚೆಂದದ ಟೀ ಪಾಟ್ ಬಂದದ್ದು ಈ ವಿದ್ಯೆಯಿಂದ. ಕ್ರಿಸ್ಟೋಫರ್ ಡ್ರೆಸ್ಸರ್‌ನಂಥ ವಿನ್ಯಾಸಗಾರ 1880ರ ಆಸುಪಾಸಿನಲ್ಲಿ ಶೆಫೀಲ್ಡ್‌ನ ಜೇಮ್ಸ್ ಡಿಕ್ಸನ್ ಕಂಪನಿಗಾಗಿ ಬಳ್ಳಿ, ಹೂವು ಒಂದೂ ಇಲ್ಲದ, ಬರೀ ಗೆರೆ ಮೂಲೆಗಳ ಪಾಟುಗಳನ್ನು ಬರೆದುಕೊಟ್ಟ. ಇವತ್ತು ಮಾಡಿದ್ದು ಎಂದರೂ ನಂಬಬಹುದು. ಅವೂ ಬೆಳ್ಳಿ ಲೇಪದವೇ.

ಈಗ ಸ್ಥಿತಿಯ ಮಾತು. ಪಾಟನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬಾರದು, ಬೆಳಗಿನ ಕಿಟಕಿಯ ಹತ್ತಿರ ಹಿಡಿದು ನೋಡಬೇಕು. ಮೊದಲು ಕಾಣುವುದು ಬಣ್ಣದ ವ್ಯತ್ಯಾಸ. ಬೆಳ್ಳಿ ಸವೆದ ಕಡೆ ಒಳಗಿನ ಲೋಹ ತಾನು ಯಾರು ಎಂದು ಹೇಳಿಬಿಡುತ್ತದೆ. ಕೆಂಪಾಗಿ ಕಂಡರೆ ತಾಮ್ರ. ನಸುಹಳದಿ ಬೆರೆತ ಬೂದು ನಿಕಲ್ ಸಿಲ್ವರ್. ನಮ್ಮ ಪಾಟಿನದು ಇದೇ. ಸೀಸದಂಥ ಮಂಕು ಬೂದಾದರೆ ಬ್ರಿಟಾನಿಯಾ ಲೋಹ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತವರ, ಉಳಿದದ್ದು ಆಂಟಿಮನಿ ಮತ್ತು ಚೂರು ತಾಮ್ರ, ತಳದಲ್ಲಿ ಇ.ಪಿ.ಬಿ.ಎಂ. ಎಂದು ಒತ್ತಿರುತ್ತದೆ. ಈ ಕೊನೆಯದರ ಬಗ್ಗೆ ಎಚ್ಚರ ಬೇಕು. 250 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಅದು ಕರಗುತ್ತದೆ. ಚಹಾ ಬಿಸಿ ಮಾಡಲು ಗ್ಯಾಸ್ ಒಲೆಯ ಮೇಲಿಟ್ಟು ಮರೆತರೆ, ನೀರು ಆರಿದ ಕ್ಷಣದಲ್ಲೇ ತಳ ಬೆಣ್ಣೆಯಂತೆ ಕುಸಿಯುತ್ತದೆ. ಟೀ ಪಾಟ್ ಯಾವುದೇ ಇರಲಿ, ಅದು ಒಲೆಯ ಪಾತ್ರೆಯಲ್ಲ. ಕುದಿನೀರು ಹೊರಗಿನಿಂದ ಬರಬೇಕು.

ಆಮೇಲೆ ಮೈಮೇಲೆ ಒಮ್ಮೆ ಹಾ ಎಂದು ಉಸಿರು ಬಿಡಬೇಕು. ಮಂಜು ಕವಿದು ಕರಗುವ ಆ ಎರಡು ಕ್ಷಣದಲ್ಲಿ ಕಣ್ಣಿಗೆ ಕಾಣದಿದ್ದ ಹಳೆಯ ಬೆಸುಗೆಯ ಜಾಡು, ಅಳಿಸಿ ಹಾಕಿದ ಅಕ್ಷರದ ಗುರುತು ಎದ್ದು ಬರುತ್ತದೆ. ನಮ್ಮ ಪಾಟಿನ ಮೂತಿಯ ಬುಡದಲ್ಲಿ ಹಾಗೆ ಒಂದು ಬೂದು ಗೆರೆ ಕಂಡಿತು. ಯಾವತ್ತೋ ಮೂತಿ ಬಿಟ್ಟಿದೆ, ಯಾರೋ ಸೀಸದ ಬೆಸುಗೆ ಹಾಕಿದ್ದಾರೆ. ದೊರೆಯ ಬಂಗಲೆಯಲ್ಲೇ ಆದ ಪೆಟ್ಟಿರಬೇಕು, ಏಕೆಂದರೆ ದೊಡ್ಡಮ್ಮನ ಬೀರುವಿನಿಂದ ಅದು ಬಿದ್ದದ್ದನ್ನು ಮನೆಯಲ್ಲಿ ಯಾರೂ ಕಂಡಿಲ್ಲ.

ಮೂತಿಯನ್ನು ಇನ್ನೊಂದು ಕಾರಣಕ್ಕೂ ನೋಡಬೇಕು. ನಮ್ಮ ಗಿಂಡಿಯಲ್ಲಿ ಹೇಗೋ ಹಾಗೆ ಟೀ ಪಾಟಿನಲ್ಲೂ ಮೂತಿಯ ತುದಿ ಪಾತ್ರೆಯ ಬಾಯಿಯ ಮಟ್ಟಕ್ಕಿಂತ ಕೆಳಗಿರಬಾರದು. ಒಳಗೂ ಮೂತಿಯಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ, ಬಿದ್ದು ತುದಿ ಬಾಗಿದ್ದರೆ ಪಾಟ್ ತುಂಬುವ ಮೊದಲೇ ಮೂತಿಯಿಂದ ಸೋರುತ್ತದೆ. ಒಳಗೆ ಮೂತಿ ಸೇರುವಲ್ಲಿ ಎಲೆ ತಡೆಯುವ ಸಣ್ಣ ತೂತುಗಳಿರುತ್ತವೆ. ಬೆರಳಾಡಿಸಿದರೆ ಯಾವುದು ಕಟ್ಟಿದೆ ಗೊತ್ತಾಗುತ್ತದೆ. ಒಳಮೈಯ ಕಂದು ಪದರ ಚಹಾದ ಟ್ಯಾನಿನ್. ನೋಡಲು ಕೊಳಕು, ಆದರೆ ಕೆಡುಕೇನೂ ಇಲ್ಲ. ಬಿಸಿನೀರಲ್ಲಿ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ಬಿಟ್ಟರೆ ಬಹುಪಾಲು ಬಿಡುತ್ತದೆ. ನಿಜವಾಗಿ ಯೋಚಿಸಬೇಕಾದದ್ದು ಒಳಗೆ ಬೆಳ್ಳಿಯೇ ಉಳಿಯದೆ ತಾಮ್ರ, ನಿಕಲ್ ಬರಿದಾಗಿದ್ದರೆ. ಅಂಥ ಪಾಟಿನಲ್ಲಿ ನಿಂಬೆ ಹಿಂಡಿದ ಚಹಾ ನಾನಂತೂ ಇಡುವುದಿಲ್ಲ.

ಹಿಡಿಯ ವಿಷಯ ಸಣ್ಣದೆನಿಸುತ್ತದೆ, ಅಲ್ಲ. ಲೋಹಗಳಲ್ಲೆಲ್ಲ ಶಾಖವನ್ನು ಬೇಗ ಹಾಯಿಸುವುದು ಬೆಳ್ಳಿ. ಅದಕ್ಕೇ ಬೆಳ್ಳಿಯ ಪಾಟುಗಳಿಗೆ ಮರದ ಹಿಡಿ, ಅಥವಾ ಲೋಹದ ಹಿಡಿಯಾದರೆ ಎರಡು ಕಡೆ ಆನೆದಂತದ, ಎಲುಬಿನ ಬಿಲ್ಲೆ. ಲೇಪದ ಪಾಟುಗಳೂ ಅದೇ ರೂಢಿ ಹಿಡಿದವು. ನಮ್ಮ ಪಾಟಿಗಿರುವುದು ಕಪ್ಪು ಮರದ ಹಿಡಿ. ವರ್ಷವರ್ಷವೂ ನೀರಲ್ಲಿ ಮುಳುಗಿಸಿದ್ದರಿಂದ ಮೊಳೆ ಹೊಡೆದ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿದೆ. ಇಂಥ ಪಾತ್ರೆ ತೊಳೆಯುವಾಗ ಹಿಡಿ ನೆನೆಯದಂತೆ ಕೈಯಲ್ಲಿ ಹಿಡಿದೇ ತೊಳೆಯಬೇಕು.

ಹೊಟ್ಟೆಯ ನೆಗ್ಗು, ಕಾಲಿನ ಓರೆ ಇವೆಲ್ಲ ಕಣ್ಣಿಗೆ ಕಾಣುವಂಥವು. ಹೆಚ್ಚು ಹೇಳಬೇಕಿಲ್ಲ.

ಇನ್ನು ಕಪ್ಪು. ಬೆಳ್ಳಿ ಕಪ್ಪಾಗುವುದು ಕೊಳೆಯಿಂದಲ್ಲ. ಗಾಳಿಯಲ್ಲಿ ತೀರಾ ಕಡಿಮೆ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯ ಮೇಲ್ಮೈ ಜೊತೆ ಸೇರಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಮೊದಲು ತಿಳಿಚಹಾದ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ ನೀಲಿ, ಕೊನೆಗೆ ಕಪ್ಪು. ಮೊಟ್ಟೆ, ಈರುಳ್ಳಿ, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್ ಹತ್ತಿರವಿದ್ದರೆ ಕೆಲಸ ಬೇಗ ಆಗುತ್ತದೆ. ಅಂದರೆ ಆ ಕಪ್ಪಿನೊಳಗೆ ಇರುವುದೂ ನಮ್ಮ ಬೆಳ್ಳಿಯೇ. ಉಜ್ಜಿ ತೆಗೆದಾಗ ಬಟ್ಟೆಗೆ ಹತ್ತುವ ಕಪ್ಪು ಮಸಿ ಪಾಟಿನದೇ ಒಂದು ಪದರ.

ಅಪ್ಪಟ ಬೆಳ್ಳಿಯ ದೀಪಕ್ಕೆ ಇದು ಲೆಕ್ಕಕ್ಕಿಲ್ಲ, ಒಳಗೂ ಬೆಳ್ಳಿಯೇ ಇದೆ. ಲೇಪದ ಪಾಟಿಗೆ ಇದೇ ಆಯುಷ್ಯ. ಒಳ್ಳೆಯ ದರ್ಜೆಯ ಲೇಪ 20ರಿಂದ 30 ಮೈಕ್ರಾನ್ ದಪ್ಪ ಇರುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬೆಳ್ಳಿಯೋ ಮೆದು ಲೋಹ, ಗಡಸುತನದ ಮಾಪಕದಲ್ಲಿ ಎರಡೂವರೆ. ಸಗಣಿ ಸುಟ್ಟ ವಿಭೂತಿಯಲ್ಲಿ ಮರಳಿನ ಜಾತಿಯ ಸಿಲಿಕಾ ಇರುತ್ತದೆ, ಬೆಳ್ಳಿಗಿಂತ ಎಷ್ಟೋ ಪಟ್ಟು ಗಡಸು. ಎಷ್ಟೋ ಟೂತ್‌ಪೇಸ್ಟುಗಳಲ್ಲೂ ಸಿಲಿಕಾ ಇದೆ. ಪ್ರತಿ ಸಲ ಉಜ್ಜಿದಾಗ 0.2 ಮೈಕ್ರಾನ್ ಹೋಯಿತು ಎಂದಿಟ್ಟುಕೊಳ್ಳಿ. ವರ್ಷಕ್ಕೆರಡರಂತೆ ಐವತ್ತು ವರ್ಷ, ನೂರು ಸಲ. 20 ಮೈಕ್ರಾನ್ ಖಾಲಿ. ಹುಣಸೆಹಣ್ಣಿನ ಕಥೆ ಬೇರೆ: ಅದರ ಹುಳಿ ತಾಮ್ರ, ಹಿತ್ತಾಳೆಗೆ ಸರಿ, ಆದರೆ ಲೇಪ ಸವೆದ ಕಡೆ ಒಳಗಿನ ಲೋಹವನ್ನು ತಿನ್ನುತ್ತದೆ.

ಹಾಗಾದರೆ ಏನು ಮಾಡಬೇಕು? ಮ್ಯೂಸಿಯಂಗಳಲ್ಲಿ ಇಂಥ ವಸ್ತು ನೋಡಿಕೊಳ್ಳುವವರು ಅತಿ ನುಣುಪಾದ ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ, ಹತ್ತಿಯಲ್ಲಿ ಹಗುರವಾಗಿ ಒರೆಸುತ್ತಾರೆ. ಅದೂ ಅಪರೂಪಕ್ಕೆ. ಮನೆಯಲ್ಲಿ ಹೆಚ್ಚಿನವರಿಗೆ ಗೊತ್ತಿರುವ ಇನ್ನೊಂದು ದಾರಿಯನ್ನು ನಾನು ಹರಾಜಿನ ಆ ಚಮಚಗಳ ಮೇಲೆ ಮಾಡಿ ನೋಡಿದೆ. ಪಿಂಗಾಣಿ ಬೋಗುಣಿಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವಂತೆ ಕಪ್ಪಾದ ಚಮಚ ಮಲಗಿಸಿ, ಎರಡು ಚಮಚ ಅಡುಗೆ ಸೋಡಾ ಉದುರಿಸಿ ಕುದಿನೀರು ಹೊಯ್ದೆ. ನೊರೆ ಎದ್ದಿತು. ಅರೆ ನಿಮಿಷದಲ್ಲಿ ಕೊಳೆತ ಮೊಟ್ಟೆಯ ವಾಸನೆ ಅಡುಗೆಮನೆ ತುಂಬಿತು. ಬೆಳ್ಳಿ ಹಿಡಿದುಕೊಂಡಿದ್ದ ಗಂಧಕ ಅದನ್ನು ಬಿಟ್ಟು ಹೊರಬೀಳುವ ವಾಸನೆ ಅದು. ಕಪ್ಪು ನೋಡನೋಡುತ್ತಿದ್ದಂತೆ ಹಿಂಗಿತು, ಹಾಳೆ ಮಂಕಾಯಿತು. ಇಲ್ಲಿ ಉಜ್ಜುವುದೇ ಇಲ್ಲ, ಕಪ್ಪಾಗಿದ್ದ ಬೆಳ್ಳಿ ಮತ್ತೆ ಬೆಳ್ಳಿಯಾಗಿ ಅಲ್ಲೇ ಉಳಿಯುತ್ತದೆ. ಆದರೆ ಹಾಗೆ ಮರಳಿದ ಬೆಳ್ಳಿಗೆ ಮೊದಲಿನ ನುಣುಪಿಲ್ಲ, ಹಾಲಿನ ಕೆನೆಯಂಥ ಮಂಕು. ಚಮಚದ ಹಿಡಿಯ ಕೆತ್ತನೆಯ ಸಂದಿನಲ್ಲಿದ್ದ ಕಪ್ಪೂ ಹೋಗಿ, ಹೂವಿನ ಎಸಳುಗಳು ಸಪ್ಪಗಾದವು. ಪಾಟಿಗೆ ಇದನ್ನು ಮಾಡಲಿಲ್ಲ. ಮರದ ಹಿಡಿ ಇರುವುದನ್ನು ಅದ್ದಲೇಬಾರದು.

ಹೊಸ ಲೇಪದ ಮಾತಿಗೆ ಬರುತ್ತೇನೆ. ಅಂಗಡಿಯವರು ಹೇಳಿದ ಮೇಲೆ ಪೇಟೆಯ ಸಂದಿಯೊಂದರಲ್ಲಿ ಪ್ಲೇಟಿಂಗ್ ಮಾಡುವ ಜಾಗಕ್ಕೆ ಹೋಗಿ ಅರ್ಧ ದಿನ ನಿಂತು ನೋಡಿದೆ. ಪಾತ್ರೆಯನ್ನು ತಾಮ್ರದ ತಂತಿಯಲ್ಲಿ ಕಟ್ಟಿ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ಎದುರು ಬದುರು ಬೆಳ್ಳಿಯ ತಗಡು ತೂಗಿರುತ್ತದೆ. ರೆಕ್ಟಿಫಯರ್ ಆನ್ ಮಾಡಿದರೆ ತಗಡಿನ ಬೆಳ್ಳಿ ಕರಗುತ್ತ, ಪಾತ್ರೆಯ ಮೇಲೆ ಕೂರುತ್ತ ಹೋಗುತ್ತದೆ. ಇದರ ಲೆಕ್ಕ ಎಷ್ಟು ಖಚಿತವೆಂದರೆ, 1 ಆಂಪಿಯರ್ ವಿದ್ಯುತ್ ಎಂದರೆ ಸೆಕೆಂಡಿಗೆ 1.118 ಮಿಲಿಗ್ರಾಂ ಬೆಳ್ಳಿ ಕೂರಿಸುವಷ್ಟು ಎಂದು 1948ರವರೆಗೆ ಜಗತ್ತು ಆಂಪಿಯರನ್ನೇ ಬೆಳ್ಳಿಯಿಂದ ಅಳೆಯುತ್ತಿತ್ತು. ಗಂಟೆಗೆ ನಾಲ್ಕು ಗ್ರಾಂ ಆಯಿತು. ನಮ್ಮ ಪಾಟಿನ ಮೈ ಸುಮಾರು 800 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ 20 ಮೈಕ್ರಾನಿಗೆ 17 ಗ್ರಾಂ ಬೆಳ್ಳಿ ಬೇಕು. 5 ಆಂಪಿಯರ್ ಹಾಯಿಸಿದರೆ ಐವತ್ತು ನಿಮಿಷ. ಐವತ್ತು ವರ್ಷ ಉಜ್ಜಿ ತೆಗೆದದ್ದು ಐವತ್ತು ನಿಮಿಷದಲ್ಲಿ ವಾಪಸ್.

ಕಷ್ಟ ಇರುವುದು ತೊಟ್ಟಿಯಲ್ಲಲ್ಲ, ತೊಟ್ಟಿಗೆ ಇಳಿಯುವ ಮೊದಲು. ಹಳೆಯ ಲೇಪ ಪೂರ್ತಿ ತೆಗೆದು, ಗೀರು, ಕಲೆ ಹೋಗುವವರೆಗೆ ಬಫಿಂಗ್ ಚಕ್ರಕ್ಕೆ ಒಡ್ಡುತ್ತಾರೆ. ನಾನು ನಿಂತಿದ್ದಾಗ ಒಂದು ಹಳೆಯ ಹೂಜಿ ಚಕ್ರದ ಮೇಲಿತ್ತು. ಅದರ ಕುತ್ತಿಗೆಯ ಬಳ್ಳಿಯ ಕೆತ್ತನೆ ಕಣ್ಣೆದುರೇ ಮೊಂಡಾಯಿತು, ತಳದ ಮುದ್ರೆ ಅರ್ಧ ಅಳಿಯಿತು. ಮೇಲೆ ಎಷ್ಟು ಬೆಳ್ಳಿ ಹಾಕಿದರೂ ಆ ಅಂಚುಗಳು ಮರಳುವುದಿಲ್ಲ. ದಿನಾ ಬಳಸುವ ಪಾಟ್, ಒಳಮೈ ಬರಿದಾಗಿದೆ ಎಂದರೆ ಲೇಪ ಹಾಕಿಸುವುದೇ ಸರಿ. ಹಾಗಿದ್ದರೂ ಚಕ್ರಕ್ಕೆ ಕಡಿಮೆ ಒಡ್ಡಿ ಎಂದು ಹೇಳಿ ಕೂರಬೇಕು. ನಮ್ಮ ಪಾಟಿನ ಒಳಮೈ ಚೆನ್ನಾಗಿದೆ. ಸವೆದಿರುವುದು ಹೊರಗೆ, ಅದೂ ಒಂದೇ ಕಡೆ.

ಈ ಒಂದೇ ಕಡೆ ಎಂಬುದು ನನ್ನನ್ನು ಕಾಡಿತು. ಸಾಧಾರಣವಾಗಿ ಸವೆತ ಕಾಣುವುದು ಉಬ್ಬಿನ ಜಾಗಗಳಲ್ಲಿ: ಕೆತ್ತನೆಯ ನೆತ್ತಿ, ಮುಚ್ಚಳದ ಅಂಚು, ಕಾಲಿನ ತುದಿ. ಇಲ್ಲಿ ಕಲೆ ಇರುವುದು, ಮೂತಿಯನ್ನು ಮುಂಭಾಗ ಎಂದುಕೊಂಡರೆ, ಹೊಟ್ಟೆಯ ಎಡಮಗ್ಗುಲಲ್ಲಿ. ಬಲಮಗ್ಗುಲು ಇನ್ನೂ ಬೆಳ್ಳಗಿದೆ. ಬಟ್ಟೆ ಕೈಯಲ್ಲಿ ಹಿಡಿದು ನಾನೇ ಉಜ್ಜುವಂತೆ ಕೂತು ನೋಡಿದೆ. ಬಲಗೈಯವನಾದ ನಾನು ಹಿಡಿಯನ್ನು ಎಡಗೈಯಲ್ಲಿ ಹಿಡಿದರೆ ಮೂತಿ ಬಲಕ್ಕೆ ತಿರುಗುತ್ತದೆ, ನನ್ನೆದುರಿಗೆ ಬರುವುದು ಪಾಟಿನ ಬಲಮಗ್ಗುಲು. ಕಲೆ ಆಚೆ ಬದಿಗೆ ಹೋಗುತ್ತದೆ. ಕೈ ಬದಲಿಸಿದೆ. ಹಿಡಿ ಬಲಗೈಗೆ, ಬಟ್ಟೆ ಎಡಗೈಗೆ. ಕಲೆ ನೇರ ಎದುರಿಗೆ ಬಂತು, ಎಡಗೈಯ ನಾಲ್ಕು ಬೆರಳು ಅದರ ಮೇಲೆ ಕೂತವು.

ಅಕ್ಕನಿಗೆ ಫೋನ್ ಮಾಡಿ, ದೊಡ್ಡಮ್ಮ ಎಡಚರಾಗಿದ್ದರಾ ಎಂದು ಕೇಳಿದೆ.

"ಬರೆಯೋದು, ಬಡಿಸೋದು ಬಲಗೈಲಿ. ಮಿಕ್ಕಿದ್ದೆಲ್ಲ ಎಡಗೈಯೇ" ಅಂದಳು ಅಕ್ಕ. "ದೇವರ ಸಾಮಾನು ಎಡಗೈಲಿ ತಿಕ್ತಾಳೆ ಅಂತ ಅಜ್ಜಿ ಬೈತಿದ್ರಲ್ಲ, ಅದಕ್ಕೇ ಹಿತ್ತಿಲಿಗೆ ಹೋಗಿ ಕೂರ್ತಿದ್ದಿದ್ದು. ಯಾಕೆ, ಏನಾಯ್ತು?"

ಪಾಟನ್ನು ಮರುದಿನ ಅಂಗಡಿಗೆ ಒಯ್ದೆ. ಮುಚ್ಚಳದ ಕೀಲಿನ ಕಡ್ಡಿ ಮಾತ್ರ ಬದಲಿಸಿ, ಬೇರೇನೂ ಮುಟ್ಟಬೇಡಿ ಎಂದೆ. ಹತ್ತು ನಿಮಿಷದ ಕೆಲಸ. ಈಗ ಮುಚ್ಚಳ ಅಲುಗದೆ ಕೂರುತ್ತದೆ. ಹಿಡಿಯ ಸೀಳಿಗೆ ಸ್ವಲ್ಪ ಮೇಣ ತುಂಬಿದ್ದೇನೆ. ಭಾನುವಾರ ಅಕ್ಕ ಬರುತ್ತಾಳೆ, ಅವಳಿಗೆ ಇದರಲ್ಲೇ ಚಹಾ.